ಕಡತದಲ್ಲಿ ಕಾಣದ ಮಗು
(ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ದಿನ ನಾಡುನುಡಿಗಳ ಹಿರಿಮೆಯನ್ನು ಕುರಿತು ಮಾತನಾಡುವುದು ವಾಡಿಕೆ. ಆ ಕೆಲಸವನ್ನು ನನಗಿಂತ ಚೆನ್ನಾಗಿ ಮಾಡಬಲ್ಲ ಹಿರಿಯರು ಈ ವೇದಿಕೆಯ ಮೇಲೆಯೇ ಇದ್ದಾರೆ. ಆದ್ದರಿಂದ ನಾನು ಬೇರೊಂದು ವಿಷಯವನ್ನು ತಮ್ಮ ಮುಂದಿಡಲು ಅಪ್ಪಣೆ ಬೇಡುತ್ತೇನೆ.

ದೆಹಲಿಗೆ ಬಂದು ನೆಲಸಿದ ಕನ್ನಡಿಗರಲ್ಲಿ ಸರ್ಕಾರದ ಚಾಕರಿಯನ್ನು ನೆಚ್ಚಿ ಬಂದವರು ಬಹುಮಂದಿ. ನೀರಾವರಿ, ರೈಲ್ವೆ, ಲೋಕೋಪಯೋಗಿ, ಲೆಕ್ಕಪತ್ರ, ಹೀಗೆ ನಮ್ಮವರಿಲ್ಲದ ಇಲಾಖೆಯೇ ಇಲ್ಲವೆನ್ನಬಹುದು. ಮಕ್ಕಳ ರಕ್ಷಣೆಗೂ ನಿಮ್ಮ ಕಚೇರಿಗೂ ಏನು ಸಂಬಂಧವೆಂದು ಕೇಳಿದರೆ ನಮ್ಮಲ್ಲಿ ಹಲವರು ನಕ್ಕುಬಿಟ್ಟಾರು. ಅದು ಶಾಲೆಯವರ ಕೆಲಸ, ಮಕ್ಕಳ ಕಲ್ಯಾಣ ಇಲಾಖೆಯವರ ಕೆಲಸ, ನಮ್ಮ ಮೇಜಿನ ಬಳಿಗೆ ಮಗು ಬರುವುದೇ ಇಲ್ಲವಲ್ಲ, ಎನ್ನುತ್ತೇವೆ. ಮಗು ನಮ್ಮ ಮೇಜಿನ ಬಳಿಗೆ ಬರುವುದಿಲ್ಲ, ನಿಜ. ಆದರೆ ನಾವು ರುಜು ಹಾಕಿದ ಕಾಗದ ಮಗುವಿನ ಅಂಗಳಕ್ಕೆ ಹೋಗುತ್ತದೆ.

ಕೊಳವೆಬಾವಿಯ ವಿಷಯವನ್ನೇ ತೆಗೆದುಕೊಳ್ಳೋಣ. ೨೦೦೬ರ ಜುಲೈ ತಿಂಗಳಲ್ಲಿ ಹರಿಯಾಣದ ಹಲ್ದಾಹೇಡಿ ಗ್ರಾಮದಲ್ಲಿ ಐದು ವರ್ಷದ ಹುಡುಗನೊಬ್ಬ ತೆರೆದ ಕೊಳವೆಬಾವಿಗೆ ಬಿದ್ದನು. ಸೈನಿಕರು ಪಕ್ಕದ ಬಾವಿಯಿಂದ ಸುರಂಗ ತೋಡಿ ಸುಮಾರು ೫೦ ಗಂಟೆಗಳ ಮೇಲೆ ಅವನನ್ನು ಜೀವಸಹಿತ ಹೊರತಂದರು. ದೇಶವೆಲ್ಲ ದೂರದರ್ಶನದ ಮುಂದೆ ಕುಳಿತು ಹರಕೆ ಹೊತ್ತಿತ್ತು. ೨೦೧೨ರ ಜೂನ್ ತಿಂಗಳಲ್ಲಿ ನಮ್ಮ ಗುರುಗ್ರಾಮದ ಆಚೆಗಿರುವ ಮಾನೇಸರದ ಬಳಿ ಹೆಣ್ಣು ಮಗುವೊಂದು ತನ್ನ ಹುಟ್ಟುಹಬ್ಬದ ರಾತ್ರಿಯೇ ಸುಮಾರು ೭೦ ಅಡಿ ಆಳದ ಇಂಥದೇ ಬಾವಿಗೆ ಬಿದ್ದಿತು. ಅಗೆಯುವವರಿಗೆ ಬಂಡೆ ಅಡ್ಡವಾಯಿತು. ೮೦ ಗಂಟೆಗಳಿಗೂ ಮೀರಿ ದುಡಿದ ಮೇಲೆ ದೊರೆತದ್ದು ಮಗುವಿನ ದೇಹ ಮಾತ್ರ.

ಇದು ಉತ್ತರದವರ ಕಥೆಯೆಂದು ನಾವು ಸಮಾಧಾನಪಡುವಂತಿಲ್ಲ. ೨೦೧೭ರ ಏಪ್ರಿಲ್‌ನಲ್ಲಿ ಅಥಣಿ ತಾಲ್ಲೂಕಿನ ಝುಂಜರವಾಡದಲ್ಲಿ ಆರು ವರ್ಷದ ಬಾಲಕಿ ಇದೇ ರೀತಿ ಪ್ರಾಣ ಬಿಟ್ಟಳು. ೨೦೨೪ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಬಿದ್ದ ಎಳೆಯ ಮಗು ಸುಮಾರು ೨೦ ಗಂಟೆಗಳ ಶ್ರಮದಿಂದ ಬದುಕಿ ಬಂದಿತು. ಅದು ನಮ್ಮ ಪುಣ್ಯ. ಆದರೆ ಆಡಳಿತವೆಂಬುದು ಪುಣ್ಯದ ಮೇಲೆ ನಡೆಯತಕ್ಕದ್ದಲ್ಲ.

ಇದಕ್ಕೆ ನಿಯಮವಿಲ್ಲವೇ? ಇದೆ. ತನಗೆ ಬಂದ ಪತ್ರವೊಂದನ್ನೇ ಅರ್ಜಿಯೆಂದು ಸ್ವೀಕರಿಸಿದ ಸರ್ವೋಚ್ಚ ನ್ಯಾಯಾಲಯವು ೨೦೧೦ರಲ್ಲಿಯೇ ಸ್ಪಷ್ಟವಾದ ನಿರ್ದೇಶನಗಳನ್ನು ಕೊಟ್ಟಿತು. ಬಾವಿ ಕೊರೆಯಿಸುವ ೧೫ ದಿನ ಮೊದಲೇ ಜಮೀನಿನ ಒಡೆಯನು ಅಧಿಕಾರಿಗಳಿಗೆ ಲಿಖಿತವಾಗಿ ತಿಳಿಸಬೇಕು. ಕೊರೆಯುವ ಸಂಸ್ಥೆ ನೋಂದಣಿಯಾಗಿರಬೇಕು. ಕೆಲಸ ನಡೆಯುವಾಗ ಸುತ್ತ ಮುಳ್ಳುತಂತಿಯ ಬೇಲಿ ಇರಬೇಕು. ಕೊಳವೆಯ ಬಾಯಿಗೆ ಉಕ್ಕಿನ ತಟ್ಟೆಯನ್ನು ಬೆಸೆಯಬೇಕು, ಇಲ್ಲವೇ ಭದ್ರವಾದ ಮುಚ್ಚಳವನ್ನು ತಿರುಪು ಹಾಕಿ ಬಿಗಿಯಬೇಕು. ಪಂಪು ದುರಸ್ತಿಯ ಹೊತ್ತಿನಲ್ಲಿಯೂ ಬಾಯಿ ತೆರೆದಿರಕೂಡದು. ನೀರು ಬಾರದೆ ಕೈಬಿಟ್ಟ ಬಾವಿಯನ್ನು ಮಣ್ಣು, ಮರಳು, ಕಲ್ಲುಗಳಿಂದ ತಳದಿಂದ ನೆಲಮಟ್ಟದವರೆಗೆ ತುಂಬಬೇಕು; ತುಂಬಿದ್ದಕ್ಕೆ ಇಲಾಖೆಯಿಂದ ಪ್ರಮಾಣಪತ್ರ ಪಡೆಯಬೇಕು.

ಮಾನೇಸರದ ಮಗು ಬಿದ್ದದ್ದು ಈ ಆಜ್ಞೆ ಹೊರಟು ಎರಡು ವರ್ಷವಾದ ಮೇಲೆ ಎಂಬುದನ್ನು ತಾವು ಗಮನಿಸಬೇಕು. ನಿಯಮ ಇತ್ತು, ಅದನ್ನು ತನ್ನದೆಂದು ಭಾವಿಸಿ ಸ್ಥಳಕ್ಕೆ ಹೋಗಿ ನೋಡುವವರು ಇರಲಿಲ್ಲ. ನೀರು ಬಾರದ ಬಾವಿಯಿಂದ ಬೆಲೆಬಾಳುವ ಕೊಳವೆಯನ್ನು ಕಿತ್ತುಕೊಂಡು, ಬಾಯಿಗೆ ಗೋಣಿಚೀಲವನ್ನೋ ಚಪ್ಪಡಿಯನ್ನೋ ಹೊದಿಸಿ ಹೋಗುವುದುಂಟು. ಅಂಥ ಬಾವಿ ಇರುವುದು ಎಷ್ಟೋ ಕಚೇರಿಗಳಿಗೆ ಗೊತ್ತಿರುತ್ತದೆ. ಸಾಲ ಕೊಟ್ಟ ಬ್ಯಾಂಕು, ತಂತಿ ಎಳೆದ ವಿದ್ಯುತ್ ಇಲಾಖೆ, ಅನುಮತಿ ಕೊಟ್ಟ ಅಂತರ್ಜಲದವರು, ತೆರಿಗೆ ಎತ್ತುವ ಪಂಚಾಯಿತಿ, ಎಲ್ಲರ ಕಡತದಲ್ಲಿಯೂ ಬಾವಿ ಇದೆ, ಯಾರ ಕಡತದಲ್ಲಿಯೂ ಮಗುವಿಲ್ಲ. ಕೇಂದ್ರ ಅಂತರ್ಜಲ ಮಂಡಳಿಯ ಪ್ರಧಾನ ಕಚೇರಿ ಇರುವುದು ಇಲ್ಲೇ ಫರೀದಾಬಾದಿನಲ್ಲಿ. ನೀರಿನ ಮಟ್ಟವನ್ನು ಅಳೆಯುವ, ಬಂಡೆಯ ಲಕ್ಷಣವನ್ನು ಅರಿಯುವ ಇಂಥ ವಿದ್ಯೆಗೆ ಮಗುವಿನ ಮುಖ ನೋಡುವ ಪ್ರಸಂಗ ಬಾರದು. ಆದರೂ ಬಾಯಿ ತೆರೆದ ಬಾವಿಯ ಅಪಾಯವನ್ನು ಬಲ್ಲವರು ಅವರಿಗಿಂತ ಬೇರೆ ಯಾರು?

ನನ್ನ ಸೂಚನೆ ಬಹಳ ಸಣ್ಣದು. ಕಡತವನ್ನು ಮುಚ್ಚುವ ಮೊದಲು, ಗುಂಡಿಯನ್ನು ಮುಚ್ಚಿದೆಯೇ, ಕಣ್ಣಾರೆ ನೋಡಿದವರು ಯಾರು, ಯಾವ ದಿನ, ಎಂಬ ಒಂದು ಸಾಲನ್ನು ಬರೆಯಿಸಬೇಕು. ಕೆಳಗೆ ಒಬ್ಬರ ರುಜು ಇರಬೇಕು. ಎಲ್ಲರ ಹೊಣೆಯೆಂದರೆ ಯಾರ ಹೊಣೆಯೂ ಅಲ್ಲವೆಂದೇ ಅರ್ಥವಾಗಿಬಿಡುತ್ತದೆ.

ಕಾಯಿದೆಯ ಮನೋಧರ್ಮವೂ ಇದೇ. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳನ್ನು ತಡೆಯಲು ೨೦೧೨ರಲ್ಲಿ ಆದ ಪೋಕ್ಸೋ ಕಾಯಿದೆಯ ೧೯ನೆಯ ಕಲಮು, ಅಪರಾಧ ತಿಳಿದುಬಂದ ಯಾವನೇ ವ್ಯಕ್ತಿ ಪೊಲೀಸರಿಗೆ ತಿಳಿಸಬೇಕೆಂದು ವಿಧಿಸುತ್ತದೆ. ಶಿಕ್ಷಕನೆಂದಾಗಲಿ ವೈದ್ಯನೆಂದಾಗಲಿ ಅದು ಬೇರೆ ಮಾಡಿ ಹೇಳಿಲ್ಲ. ಲೆಕ್ಕಪತ್ರದ ಗುಮಾಸ್ತನೂ ಅಲ್ಲಿ ಸೇರಿದ್ದಾನೆ. ತಿಳಿದೂ ತಿಳಿಸದಿದ್ದರೆ ಆರು ತಿಂಗಳವರೆಗೆ ಸಜೆಯಾಗಬಹುದು.

ಕೊನೆಯದಾಗಿ ಮನೆಯ ಮಾತು. ನಮ್ಮಲ್ಲಿ ಅನೇಕರು ಇಲ್ಲಿ ಸರ್ಕಾರದ ನೌಕರರು, ಊರಿನಲ್ಲಿ ಜಮೀನಿನ ಒಡೆಯರು. ಪಹಣಿಯಲ್ಲಿ ನಮ್ಮ ಹೆಸರಿದೆ. ಹೊಲವನ್ನು ಅಣ್ಣತಮ್ಮಂದಿರೋ ಗುತ್ತಿಗೆಯವರೋ ನೋಡಿಕೊಳ್ಳುತ್ತಾರೆ. ಬತ್ತಿಹೋದ ಕೊಳವೆಬಾವಿ ಅಲ್ಲಿ ಎಷ್ಟಿವೆ, ಅವುಗಳ ಬಾಯಿ ಮುಚ್ಚಿದೆಯೇ, ನಮ್ಮಲ್ಲಿ ಎಷ್ಟು ಮಂದಿ ಬಲ್ಲೆವು? ನ್ಯಾಯಾಲಯದ ಆಜ್ಞೆ ಮೊದಲು ಹೇಳಿರುವುದು ಆ ಒಡೆಯನಿಗೆ. ಈ ಹಬ್ಬದ ರಾತ್ರಿ ಊರಿಗೆ ದೂರವಾಣಿ ಮಾಡಿ ಕುಶಲ ವಿಚಾರಿಸುವಾಗ ಈ ಒಂದು ಪ್ರಶ್ನೆಯನ್ನೂ ಕೇಳಿ. ಮುಂದಿನ ರಜೆಯಲ್ಲಿ ಹೋದಾಗ ಹೊಲವನ್ನು ಒಂದು ಸುತ್ತು ನಡೆದು ಬನ್ನಿ. ಎರಡು ಗಾಡಿ ಮಣ್ಣು ಹೆಚ್ಚು ಬೇಕಾದರೆ ಅದರ ಖರ್ಚಿಗೆ ಹಿಂದೆಮುಂದೆ ನೋಡಬೇಡಿ.

ನಾಡಿನ ಮೇಲಿನ ಅಭಿಮಾನವನ್ನು ಅಲ್ಲಿಯ ನೆಲದ ಮೇಲೆ ಆಡುವ ಮಕ್ಕಳ ಕ್ಷೇಮದಲ್ಲಿ ತೋರಿಸೋಣವೆಂದು ಪ್ರಾರ್ಥಿಸಿ ನನ್ನ ಮಾತನ್ನು ಮುಗಿಸುತ್ತೇನೆ.