ತಿಳಿಯದು ಎಂಬ ಉತ್ತರ ವಿವೇಕವೇ?

(ಆರಾಧನಾ ಮಹೋತ್ಸವದ ಸಭೆಯಲ್ಲಿ ನೀಡಿದ ಉಪನ್ಯಾಸ)

ಶ್ರೀ ಗುರುಭ್ಯೋ ನಮಃ. ಹರಿಃ ಓಂ.



ಕೊಚ್ಚಿಯ ಇನ್ಫೋಪಾರ್ಕಿನಲ್ಲೋ ತಿರುವನಂತಪುರದ ಟೆಕ್ನೋಪಾರ್ಕಿನಲ್ಲೋ ಉದ್ಯೋಗದಲ್ಲಿರುವ ಮಗನು ರಜೆಗೆ ಮನೆಗೆ ಬರುತ್ತಾನೆ. ಬೆಳಿಗ್ಗೆ ಸಂಧ್ಯಾವಂದನೆಗೆ ಕರೆದ ತಂದೆಗೆ ಅವನು ವಿನಯದಿಂದಲೇ ಹೇಳುತ್ತಾನೆ: “ಅಪ್ಪಾ, ದೇವರಿಲ್ಲವೆಂದು ನಾನು ಹೇಳುವುದಿಲ್ಲ. ಇದ್ದಾನೋ ಇಲ್ಲವೋ ನನಗೆ ತಿಳಿಯದು. ತಿಳಿಯದ್ದನ್ನು ತಿಳಿದಂತೆ ನಟಿಸಲಾರೆ.” ತಂದೆ ಸಿಟ್ಟಾಗುತ್ತಾರೆ; ತಾಯಿ ಕಣ್ಣೊರೆಸಿಕೊಳ್ಳುತ್ತಾರೆ; ಮುಂದಿನ ರಜೆಗೆ ಮಗನು ಮನೆಗೇ ಬರುವುದಿಲ್ಲ. ಇಂತಹ ಪ್ರಸಂಗ ಇಂದು ಅನೇಕ ಮನೆಗಳಲ್ಲಿ ಒದಗಿದೆ. ಆದುದರಿಂದ ಆ ಮಗನ ಮಾತಿನಲ್ಲಿ ವಿವೇಕವೆಷ್ಟು, ಕೊರತೆಯೆಷ್ಟು ಎಂಬುದನ್ನು ಸಮಾಧಾನದಿಂದ ವಿಚಾರಿಸುವುದು ಅವಶ್ಯಕ.

ಮೊದಲಿಗೆ, ಇದು ನಾಸ್ತಿಕತೆಯಲ್ಲ. ನಾಸ್ತಿಕತೆಯನ್ನು ಕೊಚ್ಚಿ ಹತ್ತಿರದಿಂದ ಕಂಡಿದೆ. 1917ರಲ್ಲಿ ಚೆರಾಯಿಯಲ್ಲಿ ಮಿಶ್ರಭೋಜನ ನಡೆಸಿದ ಸಹೋದರನ್ ಅಯ್ಯಪ್ಪನ್ ಅವರು ಶ್ರೀ ನಾರಾಯಣ ಗುರುಗಳ ಶಿಷ್ಯರಾಗಿದ್ದೂ ಮನುಷ್ಯನಿಗೆ ಜಾತಿ, ಮತ, ದೇವರು ಮೂರೂ ಬೇಡವೆಂದು ಸಾರಿದರು. ಅದು ಒಂದು ಸ್ಪಷ್ಟ ನಿರ್ಣಯ. ಅಜ್ಞೇಯತಾವಾದಿಯು ನಿರ್ಣಯವನ್ನೇ ತಡೆಹಿಡಿಯುತ್ತಾನೆ. ಇಂಗ್ಲೆಂಡಿನ ವಿಜ್ಞಾನಿ ಥಾಮಸ್ ಹೆನ್ರಿ ಹಕ್ಸ್‌ಲಿ 1869ರಲ್ಲಿ ಈ ನಿಲುವಿಗೆ ಹೆಸರು ಕೊಟ್ಟರು. ಪ್ರಮಾಣವಿಲ್ಲದೆ ನಿಶ್ಚಯವನ್ನು ಹೇಳಬಾರದೆಂಬುದು ಅವರ ಆಗ್ರಹ.

ಈ ಆಗ್ರಹದಲ್ಲಿ ಶಾಸ್ತ್ರವಿರೋಧವೇನೂ ಇಲ್ಲ. ಪ್ರತ್ಯಕ್ಷ, ಅನುಮಾನ, ಆಗಮಗಳೆಂಬ ಮೂರು ಪ್ರಮಾಣಗಳನ್ನು ಅಂಗೀಕರಿಸಿದ ಶ್ರೀಮಧ್ವಾಚಾರ್ಯರು, ಭಗವಂತನು ಇಂದ್ರಿಯಗಳಿಗೆ ಗೋಚರನಲ್ಲ, ಬರಿಯ ತರ್ಕದಿಂದಲೂ ಸಿದ್ಧನಾಗುವುದಿಲ್ಲ, ಸದಾಗಮದಿಂದಲೇ ತಿಳಿಯತಕ್ಕವನು ಎಂದು ‘ವಿಷ್ಣುತತ್ತ್ವವಿನಿರ್ಣಯ’ದಲ್ಲಿ ಪ್ರತಿಪಾದಿಸಿದ್ದಾರೆ. ಹೀಗಾಗಿ “ನಾನು ನೋಡಿಲ್ಲ, ತರ್ಕದಿಂದ ಸಾಧಿಸಲಾರೆ” ಎನ್ನುವ ಯುವಕನು ಅರ್ಧದಾರಿಯನ್ನು ಆಚಾರ್ಯರ ಜೊತೆಯಲ್ಲೇ ನಡೆದಿದ್ದಾನೆ. ಬ್ರಹ್ಮಸೂತ್ರಗಳು ಆರಂಭವಾಗುವುದೇ ಜಿಜ್ಞಾಸೆಯಿಂದ. ಪ್ರತಿಯೊಂದು ಅಧಿಕರಣದಲ್ಲಿಯೂ ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತವೆಂಬ ಕ್ರಮವಿದೆ. ಸಂಶಯಕ್ಕೆ ಶಾಸ್ತ್ರವೇ ಎರಡನೆಯ ಪೀಠವನ್ನು ಹಾಕಿಕೊಟ್ಟಿದೆ. ಆದರೆ ಸಂಶಯದಲ್ಲಿಯೇ ಮುಗಿಯುವ ಅಧಿಕರಣವೊಂದೂ ಇಲ್ಲ.

ತೊಡಕು ಇರುವುದು ಇಲ್ಲಿಯೇ. “ನನಗೆ ತಿಳಿಯದು” ಎಂಬುದು ಪ್ರಾಮಾಣಿಕ ಮಾತು. “ಯಾರಿಗೂ ಎಂದಿಗೂ ತಿಳಿಯದು” ಎಂಬುದು ಬಹು ದೊಡ್ಡ ಪ್ರತಿಜ್ಞೆ. ಅದಕ್ಕೂ ಪ್ರಮಾಣ ಬೇಕು. ತಿರುವನಂತಪುರದ ಶ್ರೀ ಪದ್ಮನಾಭಸ್ವಾಮಿ ದೇವಾಲಯದ ನೆಲಮಾಳಿಗೆಗಳ ಸಂಗತಿ ಎಲ್ಲರಿಗೂ ತಿಳಿದಿದೆ. 2011ರಲ್ಲಿ ಸುಪ್ರೀಂ ಕೋರ್ಟಿನ ಆದೇಶದಂತೆ ‘ಎ’ ನೆಲಮಾಳಿಗೆಯನ್ನು ತೆರೆದಾಗ ದೊರೆತ ಸಂಪತ್ತನ್ನು ಕಂಡು ಜಗತ್ತು ಬೆರಗಾಯಿತು. ತೆರೆಯುವ ಹಿಂದಿನ ದಿನವೂ ಅದು ಅಲ್ಲಿಯೇ ಇತ್ತು. ಜನರಿಗೆ ತಿಳಿದಿರಲಿಲ್ಲ, ಅಷ್ಟೆ. ‘ಬಿ’ ನೆಲಮಾಳಿಗೆಯನ್ನು ಆಗ ತೆರೆಯಲಿಲ್ಲ; 2020ರ ತೀರ್ಪು ಆ ನಿರ್ಧಾರವನ್ನು ದೇವಾಲಯದ ಸಮಿತಿಗಳಿಗೆ ಬಿಟ್ಟಿತು. ಅದರೊಳಗೇನಿದೆ ಎಂದು ಕೇಳಿದರೆ ಹೊರಗೆ ನಿಂತವನು “ತಿಳಿಯದು” ಎನ್ನುವುದೇ ಸರಿ. ಆದರೆ ಮುಚ್ಚಿದ ಬಾಗಿಲನ್ನು ತೋರಿಸಿ “ಇದು ತಿಳಿಯಲಾಗದ ವಸ್ತು” ಎಂದರೆ ಅದು ವಿವೇಕವಾಗದು. ಆ ಬಾಗಿಲು ಅವನ ಕೈಯಲ್ಲಿಲ್ಲ. ಭಗವದ್ವಿಷಯದಲ್ಲಾದರೋ ಶ್ರವಣ, ಮನನ, ನಿದಿಧ್ಯಾಸನಗಳೆಂಬ ಕೀಲಿಗಳು ಅವನ ಕೈಗೇ ಸಿಕ್ಕುವಂತಿವೆ.

ಬದುಕು ಕಾಯುವುದೂ ಇಲ್ಲ. ರೈಲ್ವೆಯಲ್ಲಿ ಸ್ವಯಂಚಾಲಿತ ಸಿಗ್ನಲ್ ಕೆಂಪಾಗಿದ್ದರೆ ಚಾಲಕನು ಗಾಡಿಯನ್ನು ನಿಲ್ಲಿಸಬೇಕು. ಹಗಲಿನಲ್ಲಿ ಒಂದು ನಿಮಿಷ, ರಾತ್ರಿಯಲ್ಲಿ ಎರಡು ನಿಮಿಷ ಕಾದು, ಬಳಿಕ ಅತ್ಯಂತ ಎಚ್ಚರಿಕೆಯಿಂದ ಮುಂದುವರಿಯಬೇಕು. ಮುಂದಿನ ಹಳಿಯ ಸ್ಥಿತಿ ತಿಳಿಯದೆಂದು ನುಗ್ಗಿದರೆ ಅಪಾಯ; ತಿಳಿಯದೆಂದು ಅಲ್ಲಿಯೇ ಉಳಿದರೆ ಪ್ರಯಾಣಿಕರು ಊರು ಸೇರುವುದಿಲ್ಲ. ಸಂಶಯಕ್ಕೆ ನಿಲುಗಡೆಯುಂಟು, ಆದರೆ ಅದು ಕೊನೆಯ ನಿಲ್ದಾಣವಲ್ಲ. ಪ್ರಾರ್ಥಿಸಬೇಕೋ ಬೇಡವೋ, ಮಕ್ಕಳಿಗೆ ಏನು ಕಲಿಸಬೇಕು, ಹೆತ್ತವರ ಶ್ರಾದ್ಧವನ್ನು ಮಾಡಬೇಕೋ ಬೇಡವೋ ಎಂಬ ಪ್ರಶ್ನೆಗಳಿಗೆ ಅಜ್ಞೇಯತಾವಾದಿಯೂ ನಡತೆಯಿಂದ ಉತ್ತರ ಕೊಟ್ಟೇ ಕೊಡುತ್ತಾನೆ.

ಇದಕ್ಕೆ ಉಜ್ಜ್ವಲ ನಿದರ್ಶನ ಕೇರಳದ ಉತ್ತರದ ತುದಿಯಲ್ಲೇ ಇದೆ. ಇಂದಿನ ಕಾಸರಗೋಡು ಜಿಲ್ಲೆಗೆ ಸೇರಿದ ಕುಂಬಳೆ ಸೀಮೆಯ ತ್ರಿವಿಕ್ರಮ ಪಂಡಿತಾಚಾರ್ಯರು ಪ್ರಸಿದ್ಧ ವಿದ್ವಾಂಸರಾಗಿದ್ದರು. ಆಚಾರ್ಯರ ಕೀರ್ತಿಯನ್ನು ಕೇಳಿದ ಮಾತ್ರಕ್ಕೆ ಅವರು ತಲೆಬಾಗಲಿಲ್ಲ. ತಿಳಿಯದೆಂದು ಮನೆಯಲ್ಲಿ ಕುಳಿತಿರಲೂ ಇಲ್ಲ. ಹಲವು ದಿನಗಳ ಕಾಲ ವಾದ ಮಾಡಿದರು. ಆಕ್ಷೇಪಗಳು ತೀರಿದ ಮೇಲೆಯೇ ಶಿಷ್ಯರಾದರು. ಮುಂದೆ ಸೂತ್ರಭಾಷ್ಯಕ್ಕೆ ‘ತತ್ತ್ವಪ್ರದೀಪ’ವೆಂಬ ಟೀಕೆಯನ್ನು ರಚಿಸಿದರು. ಅವರ ಪುತ್ರ ನಾರಾಯಣ ಪಂಡಿತಾಚಾರ್ಯರೇ ‘ಸುಮಧ್ವವಿಜಯ’ದ ಕರ್ತೃಗಳು. ಆಚಾರ್ಯರು ಆ ಸಂಶಯವನ್ನು ಗದರಿಸಿ ಅಟ್ಟಿದ್ದರೆ ಈ ಎರಡು ಗ್ರಂಥಗಳೂ ಲೋಕಕ್ಕೆ ಲಭಿಸುತ್ತಿರಲಿಲ್ಲ.

ಪೂರ್ಣವಾಗಿ ತಿಳಿಯದ್ದು ತಿಳಿದೇ ಇಲ್ಲವೆಂದಲ್ಲ. ಫೋರ್ಟ್ ಕೊಚ್ಚಿಯ ಚೀನೀ ಬಲೆಗಳ ಬಳಿ ನಿಂತವನು ಕಡಲನ್ನು ಕಾಣುತ್ತಾನೆ, ಇಡೀ ಕಡಲನ್ನು ಕಾಣುವುದಿಲ್ಲ. ಭಗವಂತನು ಜ್ಞೇಯನೇ ಹೌದು, ಸಾಕಲ್ಯೇನ ಜ್ಞೇಯನಲ್ಲ ಎಂಬುದೇ ಸಿದ್ಧಾಂತ.

ಈಗ ಆ ಮನೆಗೆ ಮರಳಬಹುದು. ಮಗನು “ತಿಳಿಯದು” ಎಂದಾಗ ತಂದೆ ಕೇಳಬೇಕಾದುದು ಒಂದೇ: “ತಿಳಿಯಲು ಏನು ಮಾಡಿದೆ?” ಈ ಪ್ರಶ್ನೆಯನ್ನು ಕೇಳುವ ತಂದೆ ಅದನ್ನು ಮೊದಲು ತನಗೇ ಕೇಳಿಕೊಳ್ಳಬೇಕು. ವಿಚಾರಿಸದೆ ನಂಬಿದವನೂ ವಿಚಾರಿಸದೆ ಸಂಶಯಪಟ್ಟವನೂ ಒಂದೇ ಜಗಲಿಯಲ್ಲಿ ಕುಳಿತಿದ್ದಾರೆ. ಇಬ್ಬರೂ ಕೂಡಿ ಒಂದು ಗ್ರಂಥವನ್ನು ತೆರೆದರೆ ಮುಂದಿನ ರಜೆಗೆ ಮಗನು ಮನೆಗೆ ಬಂದಾನು.

ಶ್ರೀಕೃಷ್ಣಾರ್ಪಣಮಸ್ತು.