ಕುರ್ಚಿ ಸಿಕ್ಕಿತು, ಕನ್ನಡಕ್ಕೇನು ಸಿಕ್ಕಿತು?

(ಮೈಸೂರಿನಲ್ಲಿ ನಡೆದ ಕನ್ನಡ ಯುವ ಕಾರ್ಯಕರ್ತರ ಸಭೆಯಲ್ಲಿ ಸಾಲಿಗ್ರಾಮದ ಮುದ್ರಣಾಲಯವೊಂದರ ಮಾಲೀಕರು ಆಡಿದ ಮಾತುಗಳ ಬರಹರೂಪ)



ನಾನು ಭಾಷಣಕಾರನಲ್ಲ. ಪಿಯುಸಿ ಮುಗಿಸಿ ಅಪ್ಪನ ಪ್ರೆಸ್ಸಿಗೆ ಸೇರಿಕೊಂಡವನು. ಬೇರೆಯವರ ಭಾಷಣಕ್ಕೆ ಕರಪತ್ರ ಅಚ್ಚು ಹಾಕಿ ಗೊತ್ತು, ನಾನೇ ಮೈಕು ಹಿಡಿದು ಗೊತ್ತಿಲ್ಲ. ತಪ್ಪಿದರೆ ತಿದ್ದಿಕೊಳ್ಳಿ. ಕರಡು ತಿದ್ದಿಸಿಕೊಳ್ಳುವುದು ನಮ್ಮ ಕಸುಬಿನಲ್ಲಿ ಅವಮಾನವಲ್ಲ.

ದೇಶದ ರಾಜಕಾರಣದ ಒಂದು ವರ್ಷವನ್ನು ಆರಿಸಿಕೊಂಡು ಮಾತಾಡಿ ಎಂದು ಸಂಘಟಕರು ಹೇಳಿದರು. ನಾನು ಆರಿಸಿಕೊಂಡದ್ದು 1996. ನಿಮ್ಮಲ್ಲಿ ಬಹಳ ಮಂದಿ ಆಗ ಹುಟ್ಟಿರಲೇ ಇಲ್ಲ. ಆ ವರ್ಷ ಕನ್ನಡಿಗರೊಬ್ಬರು ಮೊದಲ ಸಲ ಭಾರತದ ಪ್ರಧಾನಿಯಾದರು. ಎರಡನೆಯವರು ಇವತ್ತಿನವರೆಗೆ ಆಗಿಲ್ಲ. ಆ ವರ್ಷ ನಮಗೆ ಏನು ಕೊಟ್ಟಿತು, ಏನು ಕೊಡಲಿಲ್ಲ ಎಂಬುದನ್ನು ಲೆಕ್ಕ ಹಾಕದೆ ನಾವು ಮುಂದಿನ ಹೋರಾಟ ಕಟ್ಟಿದರೆ ಮತ್ತೆ ಅದೇ ಗುಂಡಿಗೆ ಬೀಳುತ್ತೇವೆ.

ನೀರು, ಕೋಳಿ, ಕ್ರಿಕೆಟ್ಟು

ವರ್ಷ ಹುಟ್ಟಿದ್ದೇ ಕಾವೇರಿಯ ಜಗಳದಲ್ಲಿ. ನ್ಯಾಯಮಂಡಳಿ 1991ರ ಜೂನ್ 25ರಂದು ಮಧ್ಯಂತರ ಆದೇಶ ಕೊಟ್ಟು ತಮಿಳುನಾಡಿಗೆ 205 ಟಿಎಂಸಿ ಬಿಡಿ ಎಂದಿತ್ತು. 1995ರಲ್ಲಿ ಮಳೆ ಕೈಕೊಟ್ಟಿತು. ತಮಿಳುನಾಡು ನೀರು ಕೇಳಿತು. ನ್ಯಾಯಮಂಡಳಿ 11 ಟಿಎಂಸಿ ಎಂದಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ಅಲ್ಲಿಂದ ಪ್ರಧಾನಿ ನರಸಿಂಹರಾಯರ ಮೇಜಿಗೆ ಬಂದು, ಕಡೆಗೆ 6 ಟಿಎಂಸಿ ಎಂದು ತೀರ್ಮಾನವಾಯಿತು. ಆಗ ನಮ್ಮ ಮುಖ್ಯಮಂತ್ರಿ ಎಚ್.ಡಿ. ದೇವೇಗೌಡರು. ಸಾಲಿಗ್ರಾಮದ ಪಕ್ಕ ಚುಂಚನಕಟ್ಟೆಯಲ್ಲಿ ಕಾವೇರಿ ಧುಮುಕುತ್ತಾಳೆ. ನಮ್ಮ ಕಡೆಯ ಗದ್ದೆಗಳು ಆ ನದಿಯ ನಾಲೆ ನೀರಿನಲ್ಲಿ ಭತ್ತ ಬೆಳೆದವು. ಟಿಎಂಸಿ ಎಂಬುದು ನಮಗೆ ಪೇಪರಿನ ಅಂಕಿಯಲ್ಲ, ಹೊಟ್ಟೆಯ ಲೆಕ್ಕ.

ಜನವರಿ 30ರಂದು ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತಸಂಘದ ಕಾರ್ಯಕರ್ತರು ಬೆಂಗಳೂರಿನ ಬ್ರಿಗೇಡ್ ರಸ್ತೆಯ ಕೆಂಟಕಿ ಚಿಕನ್ ಅಂಗಡಿಗೆ ನುಗ್ಗಿದರು. ಮಾರ್ಚ್ 9ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವೆಂಕಟೇಶ್ ಪ್ರಸಾದ್ ಪಾಕಿಸ್ತಾನದ ಅಮೀರ್ ಸೊಹೈಲನ ವಿಕೆಟ್ ಕಿತ್ತರು. ಅವತ್ತು ಭಾರತದ ಪರ ಶ್ರೀನಾಥ್, ಕುಂಬ್ಳೆ, ಪ್ರಸಾದ್ ಮೂವರೂ ಇದ್ದರು. ವರಕವಿ ಬೇಂದ್ರೆಯವರು ಹುಟ್ಟಿ ನೂರು ವರ್ಷ ತುಂಬಿದ್ದೂ ಅದೇ ವರ್ಷ. ಕನ್ನಡಿಗನಿಗೆ ಎದೆ ಉಬ್ಬಿಸಲು ಕಾರಣಗಳಿಗೆ ಬರವಿರಲಿಲ್ಲ.

ಶೇಷನ್ ಕಾಲದ ಚುನಾವಣೆ

ಏಪ್ರಿಲ್, ಮೇ ತಿಂಗಳಲ್ಲಿ ಲೋಕಸಭೆ ಚುನಾವಣೆ. ನನಗೆ ಆಗ ಹದಿನೆಂಟು. ಪಿಯುಸಿ ಪರೀಕ್ಷೆ ಬರೆದು ಅಪ್ಪನ ಜೊತೆ ಮೊಳೆ ಜೋಡಿಸಲು ಕುಳಿತಿದ್ದೆ. ಲಗ್ನದ ಕಾಲ ಬೇರೆ. ಒಂದು ಕಡೆ ಲಗ್ನಪತ್ರಿಕೆ, ಇನ್ನೊಂದು ಕಡೆ ಮತಯಾಚನೆ. ಶ್ರೀ ಅಕ್ಷರ ಎರಡಕ್ಕೂ ಬೇಕು, ಇರುವ ಮೊಳೆ ಅಷ್ಟೇ.

ಒಂದು ದಿನ ದೊಡ್ಡ ಪಕ್ಷವೊಂದರ ಮುಖಂಡರು ಜೀಪಿನಲ್ಲಿ ಬಂದು ಕರಪತ್ರದ ಬರಹ ಕೊಟ್ಟರು. ಸಂಜೆಗೆ ಬೇಕು ಎಂದರು. ನಮ್ಮಪ್ಪ ಒಂದು ಕಾಗದ ಮುಂದಿಟ್ಟು, "ಸ್ವಾಮೀ, ಇದಕ್ಕೆ ನಿಮ್ಮ ರುಜು ಬೇಕು. ನಿಮ್ಮನ್ನು ಬಲ್ಲ ಇಬ್ಬರ ರುಜುವೂ ಬೇಕು" ಎಂದರು. ಮುಖಂಡರಿಗೆ ಸಿಟ್ಟು ಬಂತು. "ನನ್ನ ಕೈಲೇ ರುಜು ಕೇಳ್ತೀಯಾ?" ಎಂದರು. ಅಪ್ಪ ದನಿ ಏರಿಸಲಿಲ್ಲ. "ನಾನು ಕೇಳ್ತಿಲ್ಲ ಸ್ವಾಮೀ, ಕಾನೂನು ಕೇಳ್ತಾ ಇದೆ" ಎಂದರು.

ಅದು ಪ್ರಜಾಪ್ರತಿನಿಧಿ ಕಾಯಿದೆಯ 127ಎ ಕಲಂ. ಚುನಾವಣೆಯ ಯಾವ ಕರಪತ್ರ, ಪೋಸ್ಟರೂ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸವಿಲ್ಲದೆ ಹೊರಬರಬಾರದು. ಪ್ರಕಾಶಕರು ಇಬ್ಬರು ಸಾಕ್ಷಿಗಳ ರುಜುವಿನೊಂದಿಗೆ ಘೋಷಣೆ ಬರೆದುಕೊಡಬೇಕು. ಅದರ ಪ್ರತಿ ನಮ್ಮಂಥ ಊರಿನಿಂದ ಜಿಲ್ಲಾಧಿಕಾರಿಗೆ ಹೋಗಬೇಕು. ಕಾಯಿದೆ ಹಳೆಯದೇ. ಅದಕ್ಕೆ ಹಲ್ಲು ಬಂದದ್ದು ಟಿ.ಎನ್. ಶೇಷನ್ ಚುನಾವಣಾ ಆಯುಕ್ತರಾದ ಮೇಲೆ. ಜೀಪಿನ ಮುಖಂಡರು ಗೊಣಗುತ್ತಲೇ ರುಜು ಹಾಕಿದರು.

ಗೆಳೆಯರೇ, ನಿಯಮ ಎಂದರೇನು ಎಂದು ನನಗೆ ಕಲಿಸಿದ್ದು ಆ ರುಜು. ನಮ್ಮಪ್ಪನಿಗೆ ಆ ಮುಖಂಡರ ಪರಿಚಯವಿರಲಿಲ್ಲ, ಶಿಫಾರಸು ಇರಲಿಲ್ಲ. ಕೈಯಲ್ಲಿ ಒಂದು ನಿಯಮವಿತ್ತು, ಅಷ್ಟೇ. ಸಣ್ಣವನ ಕೈಯಲ್ಲಿ ನಿಯಮ ಇದ್ದರೆ ದೊಡ್ಡವನೂ ತಲೆಬಾಗುತ್ತಾನೆ. ಈ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರಿ.

ಜೂನ್ 1ರ ಪಟಾಕಿ

ಫಲಿತಾಂಶ ಬಂತು. ಯಾರಿಗೂ ಬಹುಮತವಿಲ್ಲ. ಬಿಜೆಪಿಗೆ 161, ಕಾಂಗ್ರೆಸ್ಸಿಗೆ 140. ವಾಜಪೇಯಿಯವರು ಮೇ 16ರಂದು ಪ್ರಮಾಣವಚನ ತೆಗೆದುಕೊಂಡು 13ನೇ ದಿನಕ್ಕೆ ರಾಜೀನಾಮೆ ಕೊಟ್ಟರು. ವಿಶ್ವಾಸಮತದ ಚರ್ಚೆಯನ್ನು ದೂರದರ್ಶನ ನೇರವಾಗಿ ತೋರಿಸಿತು. ಸಂಯುಕ್ತ ರಂಗ ಪ್ರಧಾನಿ ಯಾರು ಎಂದು ಹುಡುಕಿತು. ವಿ.ಪಿ. ಸಿಂಗ್ ಒಲ್ಲೆ ಎಂದರು. ಜ್ಯೋತಿ ಬಸು ಅವರಿಗೆ ಅವರ ಪಕ್ಷವೇ ಬೇಡ ಎಂದಿತು. ಕರ್ನಾಟಕದ 28ರಲ್ಲಿ 16 ಸ್ಥಾನ ಗೆಲ್ಲಿಸಿಕೊಟ್ಟ ದೇವೇಗೌಡರ ಹೆಸರು ಬಂತು. ಜೂನ್ 1ರಂದು ಹೊಳೆನರಸೀಪುರದ ರೈತನ ಮಗ ಭಾರತದ ಪ್ರಧಾನಿ!

ಹೊಳೆನರಸೀಪುರ ನಮಗೆ ಪಕ್ಕದ ತಾಲ್ಲೂಕು. ನಮ್ಮ ಕಡೆ ಪಟಾಕಿ ಹೊಡೆದರು, ಸಕ್ಕರೆ ಹಂಚಿದರು. ಯಾವ ಪಕ್ಷದವರೂ ಅವತ್ತು ಪಕ್ಷ ನೋಡಲಿಲ್ಲ. ಅಭಿನಂದನೆಯ ಪೋಸ್ಟರ್ ಮಾಡಿಕೊಡಿ ಎಂದು ನಮ್ಮ ಪ್ರೆಸ್ಸಿಗೂ ಬಂದರು. "ಪ್ರಧಾನಿ" ಎಂದು ದೊಡ್ಡ ಅಕ್ಷರದಲ್ಲಿ ಬೇಕು. ನಮ್ಮಲ್ಲಿ ದೊಡ್ಡ ಅಳತೆಯ "ಧಾ" ಇದ್ದದ್ದು ಒಂದೇ, ಅದೂ ಮೂಲೆ ಸವೆದದ್ದು. ಅಪ್ಪ ಅದನ್ನೇ ಒರೆಸಿ ಕೂಡಿಸಿದರು. "ಇಷ್ಟು ವರ್ಷ ಇದಕ್ಕೆ ಕೆಲಸ ಇರಲಿಲ್ಲ ಕಣೋ" ಎಂದು ನಕ್ಕರು. ಆ ನಗು ನನಗೆ ಇನ್ನೂ ನೆನಪಿದೆ.

ಕೆಂಪುಕೋಟೆಯಲ್ಲಿ ಕನ್ನಡ ಅಕ್ಷರ

ಆಗಸ್ಟ್ 15 ಬಂತು. ಕೆಂಪುಕೋಟೆಯಿಂದ ದೇವೇಗೌಡರ ಭಾಷಣ. ಗೌಡರಿಗೆ ಹಿಂದಿ ಬಾರದು. ಆದರೂ ಹಿಂದಿಯಲ್ಲೇ ಓದಿದರು. ಹೇಗೆ? ಹಿಂದಿಯ ಮಾತನ್ನು ಕನ್ನಡ ಅಕ್ಷರದಲ್ಲಿ ಬರೆಸಿಕೊಂಡು! ಉತ್ತರಾಖಂಡ ರಾಜ್ಯ ರಚಿಸುವ ಮಾತು ಹೊರಬಿದ್ದದ್ದು ಅದೇ ಭಾಷಣದಲ್ಲಿ. ಬೇರೆಯವರಿಗೆ ರಾಜ್ಯ ಕೊಡುವಷ್ಟು ಅಧಿಕಾರವಿದ್ದ ಮನುಷ್ಯನಿಗೆ ತನ್ನ ನುಡಿಯಲ್ಲಿ ಅದನ್ನು ಹೇಳುವ ಧೈರ್ಯ ಬರಲಿಲ್ಲ ಎಂದರೆ ಏನರ್ಥ?

ನಾನು ಮೊಳೆ ಜೋಡಿಸುತ್ತಿದ್ದವನು. ಆ ಭಾಷಣವನ್ನು ನಮ್ಮ ಪ್ರೆಸ್ಸಿಗೆ ಕೊಟ್ಟಿದ್ದರೆ ಏನಾಗುತ್ತಿತ್ತು ಎಂದು ಆಗಲೇ ಯೋಚಿಸಿದ್ದೆ. ಖ, ಘ, ಛ, ಝ ಮೊಳೆಗಳನ್ನು ನಾವು ಕಡಿಮೆ ಇಟ್ಟಿರುತ್ತಿದ್ದೆವು, ಕನ್ನಡಕ್ಕೆ ಅವು ಬೇಕಾಗುವುದು ಕಡಿಮೆ. ಒಂದು ಪುಟ ಮುಗಿಯುವುದರೊಳಗೆ ಮನೆ ಖಾಲಿ. ಮೊಳೆ ಸಾಲದಿದ್ದರೆ ತರಿಸಿಕೊಳ್ಳಬಹುದು. ಅಕ್ಷರ ನಮ್ಮದು, ಮಾತು ಇನ್ನೊಬ್ಬರದು ಎಂದಾಗ ಆಗುವ ಕೊರತೆಗೆ ಯಾವ ಫೌಂಡ್ರಿಯಲ್ಲೂ ಮೊಳೆ ಸಿಗುವುದಿಲ್ಲ.

ನಾನು ಗೌಡರನ್ನು ಹಳಿಯುತ್ತಿಲ್ಲ. ಹಾಗೆ ಮಾಡಿದರೆ ತಪ್ಪಾಗುತ್ತದೆ. ಪ್ರಧಾನಿ ಹಿಂದಿಯಲ್ಲೇ ಮಾತಾಡಬೇಕು ಎಂದು ಯಾವ ಕಾನೂನಿನಲ್ಲೂ ಇಲ್ಲ. ಆದರೆ ಕಾನೂನಿಗಿಂತ ಗಟ್ಟಿಯಾದ ರೂಢಿ ಅಲ್ಲಿತ್ತು. ದೆಹಲಿಯ ಕುರ್ಚಿಯ ಮೇಲೆ ಕನ್ನಡಿಗ ಕೂತದ್ದು ನಿಜ. ಕೂತ ಮೇಲೆ ಕುರ್ಚಿಯೇ ಅವರ ಬಾಯಿಂದ ಮಾತಾಡಿತು.

1967ರ ಆ ದನಿ

ಇನ್ನೊಂದು ಸಂಗತಿ ನೋಡಿ. ಗೌಡರು ದೆಹಲಿಗೆ ಹೊರಟಾಗ ಮೇ 31ರಂದು ನಮ್ಮ ಮುಖ್ಯಮಂತ್ರಿಯಾದವರು ಜೆ.ಎಚ್. ಪಟೇಲರು. ಈ ಪಟೇಲರು 1967ರಲ್ಲಿ ಶಿವಮೊಗ್ಗದಿಂದ ಲೋಕಸಭೆಗೆ ಆರಿಸಿ ಹೋದವರು. ಸಂಯುಕ್ತ ಸೋಷಲಿಸ್ಟ್ ಪಕ್ಷದ ಹುಡುಗ. ಲೋಕಸಭೆಯಲ್ಲಿ ಎದ್ದು ನಿಂತು ಮೊಟ್ಟಮೊದಲ ಬಾರಿಗೆ ಕನ್ನಡದಲ್ಲಿ ಮಾತಾಡಿದರು. ಅವರ ಕೈಯಲ್ಲಿ ಅಧಿಕಾರವಿರಲಿಲ್ಲ, ಬಹುಮತವಿರಲಿಲ್ಲ. ಸಂವಿಧಾನದ 120ನೇ ವಿಧಿ ಇತ್ತು. ಹಿಂದಿ, ಇಂಗ್ಲಿಷಿನಲ್ಲಿ ಸರಿಯಾಗಿ ಹೇಳಲಾಗದ ಸದಸ್ಯನಿಗೆ ಸಭಾಧ್ಯಕ್ಷರು ತಾಯ್ನುಡಿಯಲ್ಲಿ ಮಾತಾಡಲು ಅನುಮತಿ ಕೊಡಬಹುದು ಎನ್ನುತ್ತದೆ ಆ ವಿಧಿ.

1967ರಲ್ಲಿ ವಿರೋಧ ಪಕ್ಷದ ಬೆಂಚಿನಿಂದ ಕನ್ನಡ ಕೇಳಿಸಿತು. 1996ರಲ್ಲಿ ಪ್ರಧಾನಿಯ ವೇದಿಕೆಯಿಂದ ಕೇಳಿಸಲಿಲ್ಲ. ಇಬ್ಬರೂ ನಮ್ಮವರೇ. ಒಬ್ಬರು ನಿಯಮದ ಬಾಗಿಲು ತಟ್ಟಿದರು, ಒಬ್ಬರು ರೂಢಿಯ ಬಾಗಿಲೊಳಗೆ ತಲೆತಗ್ಗಿಸಿ ಹೋದರು.

ಗಂಗೆ ಒಪ್ಪಿದಳು, ಕಾವೇರಿ?

ಆ ಸರ್ಕಾರ ಏನೂ ಮಾಡಲಿಲ್ಲ ಎಂದರೆ ನಾಲಿಗೆ ಸುಟ್ಟೀತು. ಅರ್ಧಕ್ಕೆ ನಿಂತ ನೀರಾವರಿ ಯೋಜನೆಗಳಿಗೆ ಕೇಂದ್ರದ ಹಣ ಕೊಡುವ ತ್ವರಿತ ನೀರಾವರಿ ಕಾರ್ಯಕ್ರಮ ಆರಂಭವಾದದ್ದು 1996-97ರಲ್ಲಿ. ಕೃಷ್ಣಾ ಮೇಲ್ದಂಡೆಗೆ ಅದರಿಂದ ನೆರವಾಯಿತು. ಡಿಸೆಂಬರ್ 12ರಂದು ಬಾಂಗ್ಲಾದೇಶದ ಜೊತೆ ಗಂಗಾ ನೀರು ಹಂಚಿಕೆಯ 30 ವರ್ಷದ ಒಪ್ಪಂದಕ್ಕೆ ಗೌಡರು ಸಹಿ ಹಾಕಿದರು. ಎರಡು ದೇಶಗಳ ನದಿ ಜಗಳವನ್ನು ಆರೇ ತಿಂಗಳಲ್ಲಿ ಬಗೆಹರಿಸಿದರು!

ಹೇಮಾವತಿ ದಡದ ಆ ಪ್ರಧಾನಿಯ ಕಾಲದಲ್ಲೇ ಪಟೇಲರು ಮತ್ತು ಕರುಣಾನಿಧಿಯವರು ಕಾವೇರಿಗಾಗಿ ಕೂತು ಮಾತಾಡಿದರು. ಸುತ್ತಿನ ಮೇಲೆ ಸುತ್ತು ನಡೆದರೂ ಫಲ ಸಿಗಲಿಲ್ಲ. ಕಡೆಗೆ ಕಾವೇರಿ ಎಲ್ಲಿ ತೀರ್ಮಾನವಾಯಿತು? 2007ರ ಫೆಬ್ರವರಿ 5ರಂದು ನ್ಯಾಯಮಂಡಳಿಯ ಐತೀರ್ಪು ಬಂತು, ನಮಗೆ 270 ಟಿಎಂಸಿ. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟ್ ಅದನ್ನು 284.75ಕ್ಕೆ ಏರಿಸಿತು. ನಮ್ಮವರು ಕುರ್ಚಿಯಲ್ಲಿದ್ದಾಗ ಸಿಗದ ನೀರು ಕಡತದ ಮೂಲಕ ಸಿಕ್ಕಿತು. ಕಡತ ಹಿಡಿದು ವಾದಿಸಿದವರ ಹೆಸರಿಗೆ ಯಾರೂ ಪಟಾಕಿ ಹೊಡೆಯಲಿಲ್ಲ.

1997ರ ಏಪ್ರಿಲ್ 11ರಂದು ವಿಶ್ವಾಸಮತದಲ್ಲಿ ಸೋತು ಗೌಡರು ಇಳಿದರು. ಹತ್ತು ತಿಂಗಳು ಚಿಲ್ಲರೆ ದಿನ. ಕುರ್ಚಿಯ ಆಯುಸ್ಸು ಅಷ್ಟೇ.

ತಮಿಳರಿಂದ ಕಲಿಯಬೇಕಾದದ್ದು

ಈಗ ನಾನು ಹೇಳುವುದು ಕೆಲವರಿಗೆ ಕಹಿಯಾಗಬಹುದು. ತಮಿಳುನಾಡಿನವರು ಇವತ್ತಿನವರೆಗೆ ಒಬ್ಬರೂ ಪ್ರಧಾನಿಯಾಗಿಲ್ಲ. ಆದರೆ ಕೇಂದ್ರದ ಅಧಿಕೃತ ಭಾಷಾ ನಿಯಮಗಳು, 1976 ಎಂಬ ಕಾಗದವನ್ನು ತೆಗೆದು ಓದಿ. ಮೊದಲನೇ ನಿಯಮದಲ್ಲೇ ಇದೆ: ಈ ನಿಯಮಗಳು ತಮಿಳುನಾಡನ್ನು ಬಿಟ್ಟು ಇಡೀ ಭಾರತಕ್ಕೆ ಅನ್ವಯ. ಬಿಟ್ಟು! ಆ ಒಂದು ಪದ ಪುಕ್ಕಟೆ ಬಂದದ್ದಲ್ಲ. 1965ರ ಹೋರಾಟದ ಫಲ ಅದು. ಕರ್ನಾಟಕವನ್ನು ಅದೇ ಕಾಗದ 'ಸಿ' ವಲಯದಲ್ಲಿ ಇಟ್ಟು ಸುಮ್ಮನಾಗಿದೆ. ನಮಗೆ ಪ್ರಧಾನಿ ಸಿಕ್ಕಿದರು, ಅವರಿಗೆ ಪದ ಸಿಕ್ಕಿತು. ಪ್ರಧಾನಿ ಹತ್ತು ತಿಂಗಳಲ್ಲಿ ಇಳಿದರು. ಪದ ಇನ್ನೂ ಅಲ್ಲೇ ಇದೆ.

ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ಕಾನ್‌ಸ್ಟೆಬಲ್ ಪರೀಕ್ಷೆ ಹಿಂದಿ, ಇಂಗ್ಲಿಷಿನಲ್ಲಿ ಮಾತ್ರ ಇತ್ತು. ನಮ್ಮ ಹಳ್ಳಿ ಹುಡುಗ ಓಟದಲ್ಲಿ ಗೆದ್ದು ಪ್ರಶ್ನೆಪತ್ರಿಕೆಯಲ್ಲಿ ಸೋಲುತ್ತಿದ್ದ. 2023ರಲ್ಲಿ ತಮಿಳುನಾಡಿನ ಮುಖ್ಯಮಂತ್ರಿ ಸ್ಟಾಲಿನ್ ಗೃಹ ಸಚಿವರಿಗೆ ಪತ್ರ ಬರೆದರು, ಇತರ ರಾಜ್ಯಗಳಿಂದಲೂ ದನಿ ಎದ್ದಿತು. 2024ರ ಪರೀಕ್ಷೆ ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಯಿತು. ಕನ್ನಡಿಗ ಪ್ರಧಾನಿಯಾದ 28 ವರ್ಷದ ಮೇಲೆ ಕನ್ನಡದ ಹುಡುಗನಿಗೆ ಕನ್ನಡದ ಪ್ರಶ್ನೆಪತ್ರಿಕೆ! ನಮ್ಮ ಮೆಟ್ರೋ ಫಲಕಗಳಿಂದ ಹಿಂದಿ ಇಳಿದದ್ದು 2017ರಲ್ಲಿ. ಅದಕ್ಕೂ ಯಾವ ಪ್ರಧಾನಿಯೂ ಬೇಕಾಗಲಿಲ್ಲ. ನಿಮ್ಮಂಥ ಹುಡುಗರು ಕೇಳಿದ್ದು ಸಾಕಾಯಿತು.

ನೀವು ಮಾಡಬೇಕಾದದ್ದು

ಕಳೆದ ವರ್ಷ ನಮ್ಮ ಪ್ರೆಸ್ಸಿಗೆ ಒಬ್ಬ ಅಜ್ಜಿ ಬಂದರು. ಬ್ಯಾಂಕೊಂದರಲ್ಲಿ ಕೊಟ್ಟ ಅರ್ಜಿ ಹಿಂದಿ, ಇಂಗ್ಲಿಷಿನಲ್ಲಿತ್ತು. "ತುಂಬಿಕೊಡಪ್ಪ" ಎಂದರು. ಆಕೆ ಏಳನೇ ಕ್ಲಾಸು ಓದಿದವರು, ಪೇಪರು ಓದುವವರು. ಆ ಕಾಗದದ ಮುಂದೆ ಅನಕ್ಷರಸ್ಥೆಯಾಗಿ ನಿಂತಿದ್ದರು. ನಾನು ತುಂಬಿಕೊಟ್ಟೆ. ರಾತ್ರಿ ನಿದ್ದೆ ಬರಲಿಲ್ಲ. ನಾನು ಮಾಡಿದ್ದು ಸಹಾಯವೋ, ತಪ್ಪೋ? ತಪ್ಪೇ. ಏಕೆಂದರೆ ಗ್ರಾಹಕರ ಅರ್ಜಿ, ಚಲನ್, ಪಾಸ್‌ಬುಕ್ಕು ಸ್ಥಳೀಯ ಭಾಷೆಯಲ್ಲೂ ಇರಬೇಕು ಎಂದು ರಿಸರ್ವ್ ಬ್ಯಾಂಕಿನ ಸುತ್ತೋಲೆಯೇ ಹೇಳುತ್ತದೆ. ನಮ್ಮಪ್ಪನ ಹಾಗೆ ನಿಯಮ ತೋರಿಸುವ ಬದಲು ನಾನು ಪೆನ್ನು ತೆಗೆದೆ. ಮರುದಿನ ಅಜ್ಜಿಯ ಜೊತೆ ಹೋಗಿ, ಕನ್ನಡ ಅರ್ಜಿ ಕೊಡಿ ಎಂದು ಬರೆದುಕೊಟ್ಟು, ನಕಲಿಗೆ ಸೀಲು ಹಾಕಿಸಿಕೊಂಡು ಬಂದೆ. ಮೂರು ವಾರಕ್ಕೆ ಕನ್ನಡ ಅರ್ಜಿಯ ಕಟ್ಟು ಬಂತು.

ಅದಕ್ಕೇ ಹೇಳುತ್ತೇನೆ. ಬೋರ್ಡಿಗೆ ಮಸಿ ಬಳಿಯುವುದು ಒಂದು ದಿನದ ಕೆಲಸ, ಪೇಪರಿನಲ್ಲಿ ಫೋಟೋ ಬರುತ್ತದೆ. ಬರೆದು ಕೇಳುವುದು ಮೂರು ವಾರದ ಕೆಲಸ, ಫೋಟೋ ಬರುವುದಿಲ್ಲ. ಆದರೆ ಉಳಿಯುವುದು ಅದೇ. ಬ್ಯಾಂಕು, ಅಂಚೆ, ರೈಲು, ಪರೀಕ್ಷೆ, ಎಲ್ಲಿ ಕನ್ನಡವಿಲ್ಲವೋ ಅಲ್ಲಿ ಕನ್ನಡದಲ್ಲೇ ಅರ್ಜಿ ಬರೆಯಿರಿ. ಸೀಲು ಹಾಕಿಸಿಕೊಳ್ಳಿ. ಉತ್ತರ ಬಾರದಿದ್ದರೆ ಮತ್ತೆ ಬರೆಯಿರಿ. ನಿಮ್ಮ ಸಂಸದರು ಮತ ಕೇಳಲು ಬಂದಾಗ ಒಂದೇ ಪ್ರಶ್ನೆ ಕೇಳಿ: ಅಧಿಕೃತ ಭಾಷಾ ನಿಯಮಗಳಲ್ಲಿ ಕನ್ನಡಕ್ಕೆ ಜಾಗ ಕೊಡಿಸಲು ಲೋಕಸಭೆಯಲ್ಲಿ ಯಾವತ್ತು ಎದ್ದು ನಿಂತಿದ್ದೀರಿ ಸ್ವಾಮೀ?

ಮತ್ತೊಬ್ಬ ಕನ್ನಡಿಗ ಪ್ರಧಾನಿಯಾಗಲಿ, ನನಗೂ ಆಸೆಯಿದೆ. ಆದರೆ ಅವರು ಬರುವವರೆಗೆ ಕಾಯುತ್ತ ಕೂರುವ ಜನ ನಾವಾಗಬಾರದು. ಅವರು ಬಂದ ದಿನ ಕೆಂಪುಕೋಟೆಯಲ್ಲಿ ಕನ್ನಡ ಅಕ್ಷರದಲ್ಲಿ ಕನ್ನಡವನ್ನೇ ಓದುವಂಥ ನಿಯಮವನ್ನು ನೀವು ಮೊದಲೇ ಬರೆಸಿಟ್ಟಿರಬೇಕು.

ಆ ಸವೆದ "ಧಾ" ಮೊಳೆ ನಮ್ಮ ಪ್ರೆಸ್ಸಿನಲ್ಲಿ ಇನ್ನೂ ಇದೆ. ಈಗ ಎಲ್ಲ ಕಂಪ್ಯೂಟರಿನಲ್ಲೇ ಆಗುತ್ತದೆ, ಆದರೂ ಬಿಸಾಡಿಲ್ಲ. ಒರೆಸಿ ಇಟ್ಟಿದ್ದೇನೆ.

ಸಿರಿಗನ್ನಡಂ ಗೆಲ್ಗೆ.