ಕೈ ಬಿಟ್ಟರೆ ನಿಲ್ಲುವ ಗಾಡಿ

ನಡೆಯಲಾಗದವರು ತಾವೇ ಓಡಿಸಿಕೊಂಡು ಹೋಗುವ ಗಾಡಿಯ ಕಥೆಯನ್ನು ಗಡಿಯಾರ ಮಾಡುವವನೊಬ್ಬನಿಂದ ಶುರು ಮಾಡಬೇಕು. ಜರ್ಮನಿಯ ನ್ಯೂರೆಂಬರ್ಗ್ ಸೀಮೆಯ ಸ್ಟೀಫನ್ ಫಾರ್ಫ್ಲರ್ 1655ರಲ್ಲಿ ತನಗಾಗಿಯೇ ಮೂರು ಗಾಲಿಯ ಕುರ್ಚಿ ಕಟ್ಟಿಕೊಂಡ. ಅವನಿಗಾಗ 22 ವರ್ಷ. ಕಾಲಲ್ಲಿ ಬಲವಿರಲಿಲ್ಲ, ಕೈಯಲ್ಲಿ ಕಸುಬಿತ್ತು. ಹಿಡಿಕೆ ತಿರುವಿದರೆ ಹಲ್ಲುಚಕ್ರಗಳು ಮುಂದಿನ ಗಾಲಿಯನ್ನು ಉರುಳಿಸುತ್ತಿದ್ದವು. ನಮ್ಮ ನವಲಗುಂದದ ಕಡೆ ಕಾಣುವ ಕೈ ಪೆಡಲಿನ ಮೂರು ಗಾಲಿ ಸೈಕಲ್ಲು ಅದರ ಮರಿಮೊಮ್ಮಗ.

ನಮ್ಮ ದೇಶದಲ್ಲಿ ಇಂಥ ಸೈಕಲ್ಲುಗಳನ್ನು ದೊಡ್ಡ ಪ್ರಮಾಣದಲ್ಲಿ ಮಾಡಿದ್ದು ಕಾನ್ಪುರದ ಅಲಿಮ್ಕೊ. 1972ರಲ್ಲಿ ಹುಟ್ಟಿದ ಈ ಸರ್ಕಾರಿ ಕಾರ್ಖಾನೆಯಲ್ಲಿ ತಯಾರಿಕೆ ಆರಂಭವಾದದ್ದು 1976ರಲ್ಲಿ. ಸೈಕಲ್ಲೇನೋ ಗಟ್ಟಿ. ಆದರೆ ಮಳೆ ಬಿದ್ದ ಎರಿಭೂಮಿಗೆ ಕಾನ್ಪುರದ ಲೆಕ್ಕ ಗೊತ್ತಿಲ್ಲ. ಕಪ್ಪು ಮಣ್ಣು ಟೈರಿಗೆ ಮೆತ್ತಿ, ಮಡ್‌ಗಾರ್ಡಿನೊಳಗೆ ತುಂಬಿ, ಗಾಲಿಯನ್ನೇ ಹಿಡಿದುಬಿಡುತ್ತದೆ. ಆಗ ತೋಳಿನ ಬಲ ಎಷ್ಟಿದ್ದರೂ ಸಾಲದು.

ಮೋಟರು ಬಳಕೆಗೆ ಹರಡಿದ್ದು ಎರಡನೆಯ ಮಹಾಯುದ್ಧದ ನಂತರ. ಗಾಯಗೊಂಡು ಮರಳಿದ ಸೈನಿಕರಿಗಾಗಿ ಕೆನಡಾದ ಜಾರ್ಜ್ ಕ್ಲೈನ್ ಮತ್ತು ಸಂಗಡಿಗರು ವಿದ್ಯುತ್ ಗಾಲಿಕುರ್ಚಿ ರೂಪಿಸಿದರು. 1968ರಲ್ಲಿ ಅಮೆರಿಕದ ಮಿಶಿಗನ್ನಿನ ಅಲನ್ ಥೀಮ್, ನರರೋಗದಿಂದ ನಡಿಗೆ ಕಳೆದುಕೊಳ್ಳುತ್ತಿದ್ದ ಹೆಂಡತಿಗಾಗಿ ‘ಅಮಿಗೊ’ ಎಂಬ ಪುಟ್ಟ ಬ್ಯಾಟರಿ ಗಾಡಿ ಮಾಡಿದರು. ಇಂದಿನ ಮೊಬಿಲಿಟಿ ಸ್ಕೂಟರಿನ ಮೂಲ ಅದೇ.

ಈ ಸ್ಕೂಟರಿನ ಜಾಣತನ ಇರುವುದು ಓಟದಲ್ಲಲ್ಲ, ನಿಲುಗಡೆಯಲ್ಲಿ. ಬ್ರೇಕನ್ನು ಸ್ಪ್ರಿಂಗ್ ಸದಾ ಒತ್ತಿ ಹಿಡಿದಿರುತ್ತದೆ. ಕರೆಂಟು ಹರಿದಾಗ ಮಾತ್ರ ವಿದ್ಯುತ್ ಅಯಸ್ಕಾಂತ ಅದನ್ನು ಬಿಡಿಸುತ್ತದೆ. ಹಿಡಿಕೆಯಿಂದ ಕೈ ಜಾರಲಿ, ಬ್ಯಾಟರಿ ಮುಗಿಯಲಿ, ವೈರು ಹರಿಯಲಿ, ಗಾಡಿ ನಿಲ್ಲಲೇಬೇಕು. ಪೆಟ್ರೋಲ್ ಸ್ಕೂಟರಿಗೆ ಈ ಗುಣವಿಲ್ಲ. ಕೈ ಬಿಟ್ಟರೆ ವೇಗ ಇಳಿಯುತ್ತದೆ ನಿಜ, ಇಳಿಜಾರಿನಲ್ಲಿ ಉರುಳುವುದು ತಪ್ಪುವುದಿಲ್ಲ.

ಮುಂದೆ ಹಿಡಿಕೆಗೂ ಮೋಟರಿಗೂ ನಡುವೆ ಪುಟ್ಟ ಕಂಪ್ಯೂಟರ್ ಬಂದು ಕೂತಿತು. ಅಲ್ಲಿಂದ ತಪ್ಪುಗಳ ಜಾತಿಯೇ ಬೇರೆಯಾಯಿತು. 1949ರಲ್ಲಿ ಕೇಂಬ್ರಿಡ್ಜಿನ ಕಂಪ್ಯೂಟರ್ ತಜ್ಞ ಮಾರಿಸ್ ವಿಲ್ಕ್ಸ್ ಮಹಡಿ ಹತ್ತುವಾಗ ಅವರಿಗೊಂದು ಸತ್ಯ ಹೊಳೆದಿತ್ತಂತೆ: ಉಳಿದ ಆಯುಷ್ಯದ ದೊಡ್ಡ ಭಾಗ ತಾವೇ ಬರೆದ ಪ್ರೋಗ್ರಾಮಿನ ತಪ್ಪು ಹುಡುಕುವುದರಲ್ಲೇ ಕಳೆಯಲಿದೆ ಎಂದು. ಅವರ ಯಂತ್ರ ತಪ್ಪಿದರೆ ಲೆಕ್ಕ ತಪ್ಪುತ್ತಿತ್ತು, ಅಷ್ಟೇ. ಗಾಡಿ ತಪ್ಪಿದರೆ ಮನುಷ್ಯ ಬೀಳುತ್ತಾನೆ.

ಬಿದ್ದರೂ ಬಿದ್ದರು. ಮೆಟ್ಟಿಲು ಹತ್ತುವ ‘ಐಬಾಟ್’ ಗಾಲಿಕುರ್ಚಿ ಮಾಡಿದ ಡೀನ್ ಕಾಮೆನ್, ಅದೇ ಸಮತೋಲನದ ವಿದ್ಯೆಯಿಂದ ಎರಡು ಗಾಲಿಯ ‘ಸೆಗ್ವೇ’ ತಂದರು. ಬ್ಯಾಟರಿ ತಳ ಕಂಡಾಗ ಮೋಟರಿಗೆ ಶಕ್ತಿ ಸಾಲದೆ ಸವಾರರು ಬಿದ್ದದ್ದರಿಂದ 2003ರಲ್ಲಿ ಸುಮಾರು 6,000 ಗಾಡಿಗಳನ್ನು ವಾಪಸು ಕರೆಯಬೇಕಾಯಿತು. 2006ರಲ್ಲಿ ಗಾಲಿ ಒಮ್ಮೆಲೇ ಹಿಂದಕ್ಕೆ ತಿರುಗಿತೆಂದು ಮತ್ತೆ ಸುಮಾರು 23,500. ಎರಡು ಸಲವೂ ಮದ್ದು ಹೊಸ ಸಾಫ್ಟ್‌ವೇರ್.

ರೇಡಿಯೋದಲ್ಲಿ ಹೇಳಲೇಬೇಕಾದ ಇನ್ನೊಂದು ಸಂಗತಿಯಿದೆ. 1994ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಕೆ ಕೊಟ್ಟದ್ದು ರೇಡಿಯೋ ಅಲೆಗಳ ಬಗ್ಗೆಯೇ. ಹತ್ತಿರದಲ್ಲಿ ಟ್ರಾನ್ಸ್‌ಮಿಟರ್ ಇದ್ದರೆ ಕೆಲವು ವಿದ್ಯುತ್ ಗಾಲಿಕುರ್ಚಿಗಳು ಯಾರೂ ಮುಟ್ಟದೆಯೇ ಚಲಿಸಬಹುದಿತ್ತು. ಹೆದರಬೇಡಿ, ಮನೆಯ ರೇಡಿಯೋ ಅಲೆ ಹಿಡಿಯುತ್ತದೆಯೇ ಹೊರತು ಎಸೆಯುವುದಿಲ್ಲ.

ನಮ್ಮ ರಾಜ್ಯದಲ್ಲಿ ಸರ್ಕಾರ ಹಂಚುವ ‘ಯಂತ್ರಚಾಲಿತ ದ್ವಿಚಕ್ರ ವಾಹನ’ ಎಂದರೆ ಹಿಂದೆ ಎರಡು ಪಕ್ಕದ ಗಾಲಿ ಜೋಡಿಸಿದ ಸ್ಕೂಟರು. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಅಂಗವಿಕಲರ ವಾಹನದ ವ್ಯಾಖ್ಯೆ, ಅವರಿಗೆಂದೇ ಹೊಸದಾಗಿ ಕಟ್ಟಿದ ಗಾಡಿಯನ್ನಷ್ಟೇ ಲೆಕ್ಕಕ್ಕೆ ಹಿಡಿದಿತ್ತು. ಮಾರ್ಪಾಟು ಮಾಡಿಸಿದ್ದೂ ಅದರಲ್ಲಿ ಸೇರಿದ್ದು 2019ರ ತಿದ್ದುಪಡಿಯಲ್ಲಿ. ತಿರುವಿನಲ್ಲಿ ಈ ಗಾಡಿ ಸಾದಾ ಸ್ಕೂಟರಿನಂತೆ ಒಳಕ್ಕೆ ವಾಲುವುದಿಲ್ಲ, ಮೈ ಹೊರಕ್ಕೆ ಎಳೆಯುತ್ತದೆ. ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯಿಂದ ಊರೊಳಗೆ ಹೊರಳುವಾಗ ವೇಗ ಮೊದಲೇ ಇಳಿಸಬೇಕು. ಹೊಸ ಬ್ಯಾಟರಿ ಸ್ಕೂಟರುಗಳಲ್ಲಿ ಕೆಲವು ಹ್ಯಾಂಡಲ್ ಎಷ್ಟು ತಿರುಗಿದೆ ಎಂದು ಅಳೆದು, ತಾವೇ ನಿಧಾನವಾಗುತ್ತವೆ.

ಮದ್ರಾಸ್ ಐಐಟಿಯಲ್ಲಿ ಮೊಳೆತ ನಿಯೋಮೋಷನ್ ಕಂಪನಿ ತಂದ ‘ನಿಯೋಬೋಲ್ಟ್’ ಗಾಲಿಕುರ್ಚಿಯ ಮುಂದೆ ಸಿಕ್ಕಿಸುವ ಬ್ಯಾಟರಿ ಘಟಕ; ಗಂಟೆಗೆ 25 ಕಿ.ಮೀ. ವೇಗದವರೆಗೆ ಎಳೆಯುತ್ತದೆ. ಇಂಥವು ತಾಲೂಕಿಗೆ ಬಂದಂತೆಲ್ಲ ರಿಪೇರಿಯ ಪ್ರಶ್ನೆಯೂ ಬರುತ್ತದೆ. ಮೊಬಿಲಿಟಿ ಸ್ಕೂಟರು ಕೆಟ್ಟರೆ ಅದರ ದೀಪ ಮಿನುಗುತ್ತದೆ. ಇಷ್ಟು ಸಲ ಮಿನುಗಿದರೆ ಬ್ಯಾಟರಿ, ಇಷ್ಟು ಸಲವಾದರೆ ಮೋಟರು ಎಂದು ಪಟ್ಟಿಯೇ ಇರುತ್ತದೆ. ಆ ಪಟ್ಟಿ ಕನ್ನಡದಲ್ಲಿ, ಸೀಟಿನ ಕೆಳಗೇ ಅಂಟಿಕೊಂಡು ಬರಬೇಕು. ಇಲ್ಲವಾದರೆ ಮೆಕ್ಯಾನಿಕ್ ಮೊದಲು ಮೋಟರು ಬಿಚ್ಚುತ್ತಾನೆ. ದೋಷವಿದ್ದದ್ದು ಬ್ಯಾಟರಿ ತುದಿಯ ತುಕ್ಕಿನಲ್ಲಿ ಎಂಬುದು ಗೊತ್ತಾಗುವಷ್ಟರಲ್ಲಿ ಸಂಜೆಯಾಗಿರುತ್ತದೆ.